ಗುಳಿಗೆ ನಮ್ಮದು, ಗುಣ ಎಲ್ಲರದು

ಜ್ವರ ಬಂದಾಗ ನಮ್ಮಲ್ಲಿ ಹೆಚ್ಚಿನವರು ಮೊದಲು ಹೋಗುವುದು ವೈದ್ಯರ ಬಳಿಗಲ್ಲ, ಮೆಡಿಕಲ್ ಅಂಗಡಿಗೆ. ಬೀದರಿನ ಚೌಬಾರಾದ ಸುತ್ತಮುತ್ತಲಿರಲಿ, ಭಾಲ್ಕಿಯ ಬಸ್ ನಿಲ್ದಾಣದ ಹತ್ತಿರವಿರಲಿ, ಔರಾದಿನ ಸಂತೆಗೆ ಹೋಗುವ ದಾರಿಯಲ್ಲಿರಲಿ, ಕೇಳುವ ಮಾತು ಹೆಚ್ಚುಕಡಿಮೆ ಒಂದೇ: “ಎರಡು ದಿನದ್ದು ಗುಳಿಗಿ ಕೊಡ್ರಿ, ಜರಾ ಪವರ್‌ದು ಇರ್ಲಿ.” ಅಂಗಡಿಯವನು ಕತ್ತರಿಯಿಂದ ನಾಲ್ಕೋ ಆರೋ ಗುಳಿಗೆ ಕತ್ತರಿಸಿ ಕೊಡುತ್ತಾನೆ. ಮರುದಿನ ಜ್ವರ ಇಳಿಯುತ್ತದೆ. ಉಳಿದ ಎರಡು ಗುಳಿಗೆಗಳು ಗೋಡೆಯ ಗೂಡಿನಲ್ಲಿ ಮುಂದಿನ ಜ್ವರಕ್ಕೆ ಕಾಯುತ್ತಾ ಕೂರುತ್ತವೆ.

ಇದರಲ್ಲಿ ತಪ್ಪೇನು? ಹಣ ನಮ್ಮದು, ಗುಳಿಗೆ ನಮ್ಮದು, ದೇಹ ನಮ್ಮದು. ಮಗುವಿಗೆ ಲಸಿಕೆ ಹಾಕಿಸುವುದು ಬೇಡ ಎನ್ನುವವರ ವಾದವೂ ಇದೇ. ಮಗು ನಮ್ಮದು, ಅದರ ಒಳಿತು ಕೆಡುಕು ನಮಗೆ ಗೊತ್ತು. ಮೇಲ್ನೋಟಕ್ಕೆ ಈ ಮಾತಿಗೆ ಎದುರುತ್ತರವಿಲ್ಲ. ಆದರೆ ಸಾಂಕ್ರಾಮಿಕ ರೋಗದ ವಿಷಯದಲ್ಲಿ ‘ನಮ್ಮದು’ ಎಂಬುದು ಎಲ್ಲಿಗೆ ಮುಗಿಯುತ್ತದೆ, ನೆರೆಯವನದ್ದು ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ನಾವು ಅಷ್ಟಾಗಿ ವಿಚಾರಿಸಿದಂತಿಲ್ಲ.

ಮೊದಲು ಗುಳಿಗೆಯ ಕೆಲಸವನ್ನೇ ನೋಡೋಣ. ಬ್ಯಾಕ್ಟೀರಿಯ ಎಂಬ ಸೂಕ್ಷ್ಮಜೀವಿಗೆ ಸುತ್ತಲೂ ಒಂದು ಗಟ್ಟಿ ಗೋಡೆಯಿದೆ. ಪೆನಿಸಿಲಿನ್ ಮತ್ತು ಅದರ ಬಳಗದ ಔಷಧಗಳು ಆ ಗೋಡೆ ಕಟ್ಟುವುದನ್ನು ತಡೆಯುತ್ತವೆ, ಜೀವಿ ಒಡೆದು ಸಾಯುತ್ತದೆ. ನಮ್ಮ ಜೀವಕೋಶಗಳಿಗೆ ಅಂತಹ ಗೋಡೆಯಿಲ್ಲ, ಆದ್ದರಿಂದ ನಾವು ಉಳಿಯುತ್ತೇವೆ. ಬೇರೆ ಕೆಲವು ಆಂಟಿಬಯೋಟಿಕ್‌ಗಳು ಬ್ಯಾಕ್ಟೀರಿಯ ಪ್ರೊಟೀನು ತಯಾರಿಸುವ ಕೆಲಸವನ್ನೇ ನಿಲ್ಲಿಸುತ್ತವೆ. ವೈರಸ್‌ಗಾದರೋ ಗೋಡೆಯೂ ಇಲ್ಲ, ಸ್ವಂತ ತಯಾರಿಕೆಯೂ ಇಲ್ಲ. ಅದು ನಮ್ಮ ಜೀವಕೋಶದೊಳಗೆ ಹೊಕ್ಕು ನಮ್ಮ ಸಾಮಾನಿನಿಂದಲೇ ಬೆಳೆಯುವಂಥದ್ದು. ಹಾಗಾಗಿ ವೈರಸ್‌ನಿಂದ ಬರುವ ನೆಗಡಿಗೂ ಫ್ಲೂಗೂ ಆಂಟಿಬಯೋಟಿಕ್ ನುಂಗಿ ಪ್ರಯೋಜನವಿಲ್ಲ. ‘ಪವರ್‌ದು’ ತಿಂದು ವಾಸಿಯಾಯಿತು ಎಂದುಕೊಳ್ಳುವ ಎಷ್ಟೋ ಜ್ವರಗಳು ತಾವಾಗಿಯೇ ವಾಸಿಯಾಗುವಂಥವು.

ಪ್ರಯೋಜನವಿಲ್ಲ, ಹಾನಿಯೂ ಇಲ್ಲ ಎಂದಿದ್ದರೆ ಚಿಂತೆಯಿರಲಿಲ್ಲ. ನಮ್ಮ ಕರುಳಿನಲ್ಲಿ, ಗಂಟಲಲ್ಲಿ, ಚರ್ಮದ ಮೇಲೆ ಎಣಿಕೆಗೆ ಸಿಗದಷ್ಟು ಬ್ಯಾಕ್ಟೀರಿಯಗಳಿವೆ. ಅವುಗಳಲ್ಲಿ ಎಲ್ಲೋ ಕೆಲವಕ್ಕೆ ಆಕಸ್ಮಿಕವಾಗಿ ಔಷಧವನ್ನು ತಡೆದುಕೊಳ್ಳುವ ಗುಣ ಬಂದಿರುತ್ತದೆ. ಔಷಧ ಬಿದ್ದಾಗ ಉಳಿದವು ಸಾಯುತ್ತವೆ, ಈ ಕೆಲವು ಉಳಿದು ಖಾಲಿಯಾದ ಜಾಗದಲ್ಲಿ ಬೆಳೆಯುತ್ತವೆ. ಆ ಗುಣವನ್ನು ಬೇರೆ ಜಾತಿಯ ಬ್ಯಾಕ್ಟೀರಿಯಗಳಿಗೂ ದಾಟಿಸಬಲ್ಲವು. ಸರಿಯಾದ ಕಾರಣಕ್ಕೆ ತೆಗೆದುಕೊಂಡಾಗಲೂ ಇದು ಸ್ವಲ್ಪ ನಡೆಯುತ್ತದೆ. ಜೀವ ಉಳಿಸಲು ಆ ಬೆಲೆ ತೆರಲೇಬೇಕು. ಕಾರಣವಿಲ್ಲದೆ ತೆಗೆದುಕೊಂಡಾಗ ಬೆಲೆ ಮಾತ್ರ ಉಳಿಯುತ್ತದೆ. ಎಷ್ಟು ದಿನ ತೆಗೆದುಕೊಳ್ಳಬೇಕೆಂಬುದು ರೋಗವನ್ನು ಅವಲಂಬಿಸಿದೆ. ಕೆಲವು ಸೋಂಕುಗಳಿಗೆ ಹಿಂದೆ ಅಂದುಕೊಂಡದ್ದಕ್ಕಿಂತ ಕಡಿಮೆ ದಿನ ಸಾಕೆಂದು ಈಚಿನ ಸಂಶೋಧನೆಗಳು ತೋರಿಸಿವೆ. ಆದರೆ ಅದನ್ನು ನಿರ್ಧರಿಸಬೇಕಾದವರು ವೈದ್ಯರು, ಕತ್ತರಿ ಹಿಡಿದ ಅಂಗಡಿಯವನಲ್ಲ, ಇಳಿದ ಜ್ವರವೂ ಅಲ್ಲ.

1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣ ಮಾಡುವಾಗ ಒಬ್ಬ ಕಾಲ್ಪನಿಕ ವ್ಯಕ್ತಿಯ ಕಥೆ ಹೇಳಿದರು. ಅವನಿಗೆ ಗಂಟಲು ನೋವು. ತಾನೇ ಪೆನಿಸಿಲಿನ್ ಕೊಂಡು ತೆಗೆದುಕೊಳ್ಳುತ್ತಾನೆ. ರೋಗಾಣುಗಳನ್ನು ಕೊಲ್ಲುವಷ್ಟಲ್ಲ, ಔಷಧವನ್ನು ಎದುರಿಸಲು ಅವಕ್ಕೆ ಕಲಿಸುವಷ್ಟು. ಅವೇ ರೋಗಾಣುಗಳು ಹೆಂಡತಿಗೆ ಅಂಟುತ್ತವೆ. ಅವಳಿಗೆ ನ್ಯುಮೋನಿಯ ಆಗುತ್ತದೆ, ಪೆನಿಸಿಲಿನ್ ಕೊಡುತ್ತಾರೆ, ಅದು ನಾಟುವುದಿಲ್ಲ, ಅವಳು ಸಾಯುತ್ತಾಳೆ. ಆ ಸಾವಿಗೆ ಯಾರು ಹೊಣೆ ಎಂದು ಫ್ಲೆಮಿಂಗ್ ಕೇಳಿದರು, ಗಂಡನೇ ಎಂದು ಉತ್ತರವನ್ನೂ ಕೊಟ್ಟರು. ಪೆನಿಸಿಲಿನ್ ಇನ್ನೂ ಜನರ ಕೈಗೆ ಹೊಸದಾಗಿ ಬರುತ್ತಿದ್ದ ವರ್ಷವದು. ಕಥೆ ಕಾಲ್ಪನಿಕವಾಗಿ ಉಳಿಯಲಿಲ್ಲ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳಿಂದಲೇ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಮಂದಿ ಸತ್ತರೆಂದು ತಜ್ಞರು ಅಂದಾಜು ಮಾಡಿದ್ದಾರೆ.

ಬೀದರಿನವರಿಗೆ ಇದನ್ನು ತಿಳಿಸಲು ಸ್ಟಾಕ್‌ಹೋಮಿಗೆ ಹೋಗಬೇಕಿಲ್ಲ, ನೌಬಾದಿಗೆ ಹೋದರೆ ಸಾಕು. ಬಹಮನಿಗಳ ಕಾಲದ ಕರೇಜ್, ನಮ್ಮವರ ಬಾಯಲ್ಲಿ ಸುರಂಗ ಬಾವಿ, ನೆಲದೊಳಗೆ ಸುಮಾರು 3 ಕಿ.ಮೀ. ಉದ್ದಕ್ಕೆ ಹರಿಯುವ ನೀರಿನ ದಾರಿ. ನಡುನಡುವೆ ಮೇಲಕ್ಕೆ ತೆರೆದ ಬಾವಿಗಳು. ಪ್ರತಿಯೊಬ್ಬನಿಗೂ ತನ್ನ ಹತ್ತಿರದ ಬಾವಿ ಕಾಣುತ್ತದೆ, ಕೆಳಗೆ ಹರಿಯುವ ನೀರು ಒಂದೇ ಎಂಬುದು ಕಾಣುವುದಿಲ್ಲ. ಮೇಲಿನ ಬಾವಿಗೆ ಕಸ ಸುರಿದವನು ಕೆಳಗಿನವನ ಮುಖವನ್ನು ನೋಡಿರುವುದಿಲ್ಲ. ಎಷ್ಟೋ ಕಾಲ ಹೂಳು, ಕಸ ತುಂಬಿಕೊಂಡಿದ್ದ ಅದನ್ನು ನಮ್ಮ ಕಾಲದಲ್ಲಿ ಮತ್ತೆ ಅಗೆದು ಸ್ವಚ್ಛಗೊಳಿಸಬೇಕಾಯಿತು. ಔಷಧದ ಗುಣ ಮಾತ್ರ ಒಮ್ಮೆ ಹಾಳಾದರೆ ಅಗೆದು ತೆಗೆಯುವುದು ಅಷ್ಟು ಸುಲಭವಲ್ಲ.

ಸರಕಾರ ಕೈಕಟ್ಟಿ ಕುಳಿತಿಲ್ಲ. 2014ರಿಂದ ಅನೇಕ ಆಂಟಿಬಯೋಟಿಕ್‌ಗಳ ಮಾರಾಟಕ್ಕೆ ವೈದ್ಯರ ಚೀಟಿಯ ಜೊತೆಗೆ ಅಂಗಡಿಯಲ್ಲಿ ಪ್ರತ್ಯೇಕ ದಾಖಲೆಯೂ ಕಡ್ಡಾಯವಾಯಿತು. ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆಯ ಅರ್ಥವನ್ನು ಜನರಿಗೆ ತಿಳಿಸುವ ಪ್ರಚಾರ 2016ರಲ್ಲಿ ಆರಂಭವಾಯಿತು. ಕೋಳಿ ಬೇಗ ದಪ್ಪವಾಗಲೆಂದು ಆಹಾರಕ್ಕೆ ಬೆರೆಸುತ್ತಿದ್ದ ಕೊಲಿಸ್ಟಿನ್ ಎಂಬ ಔಷಧವನ್ನು 2019ರಲ್ಲಿ ನಿಷೇಧಿಸಲಾಯಿತು. ಮನುಷ್ಯನಿಗೆ ಬೇರೆ ಯಾವುದೂ ನಾಟದಿದ್ದಾಗ ಕೊನೆಗೆ ಕೈಗೆತ್ತಿಕೊಳ್ಳುವ ಔಷಧ ಅದು! ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರವೇ ಬೀದರಿನಲ್ಲಿದೆ. ಕೆಚ್ಚಲು ಬಾವಿಗೆ ಚುಚ್ಚುಮದ್ದು ಪಡೆದ ಆಕಳ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಮಾರಬಾರದೆಂಬುದು ಇಲ್ಲಿನ ರೈತರಿಗೆ ಹೊಸ ವಿಷಯವಲ್ಲ. ಪಾಲಿಸಿದರೆ ಅಷ್ಟು ದಿನದ ದುಡ್ಡು ಹೋಗುತ್ತದೆ, ಪಾಲಿಸದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನೀತಿಯ ಪ್ರಶ್ನೆಗಳು ಹೆಚ್ಚಾಗಿ ಬರುವುದು ಹೀಗೆ ಯಾರೂ ನೋಡದ ಹೊತ್ತಿನಲ್ಲಿಯೇ.

ಲಸಿಕೆಯದ್ದು ಇದರ ತಿರುವು. ಗುಳಿಗೆಯಲ್ಲಿ ನಮ್ಮ ತಪ್ಪು ನೆರೆಯವನಿಗೆ ತಲುಪಿದರೆ ಲಸಿಕೆಯಲ್ಲಿ ನಮ್ಮ ರಕ್ಷಣೆ ಅವನಿಗೆ ತಲುಪುತ್ತದೆ. ದುರ್ಬಲಗೊಳಿಸಿದ ಅಥವಾ ಸತ್ತ ರೋಗಾಣುವನ್ನೋ ಅದರ ಒಂದು ತುಣುಕನ್ನೋ ದೇಹಕ್ಕೆ ಪರಿಚಯಿಸುತ್ತಾರೆ. ದೇಹ ಅದಕ್ಕೆ ತಕ್ಕ ಪ್ರತಿಕಾಯಗಳನ್ನು ತಯಾರಿಸುತ್ತದೆ, ನೆನಪಿಟ್ಟುಕೊಳ್ಳುವ ಕೆಲವು ಕೋಶಗಳನ್ನು ಉಳಿಸಿಕೊಳ್ಳುತ್ತದೆ. ನಿಜವಾದ ರೋಗಾಣು ಬಂದಾಗ ಆ ನೆನಪು ಕೆಲಸಕ್ಕೆ ಬರುತ್ತದೆ. ದಡಾರವನ್ನೇ ತೆಗೆದುಕೊಳ್ಳಿ. ಸಾವಿರ ವರ್ಷಗಳ ಹಿಂದೆಯೇ ಸಿಡುಬು ಬೇರೆ, ದಡಾರ ಬೇರೆ ಎಂದು ವಿವರಿಸಿ ಗ್ರಂಥ ಬರೆದವರು ಅಲ್ ರಾಝಿ. ರಕ್ಷಣೆಯಿಲ್ಲದ ಜನರ ನಡುವೆ ಒಂದು ದಡಾರದ ಮಗು 12ರಿಂದ 18 ಮಂದಿಗೆ ರೋಗ ಹರಡಬಲ್ಲದು. ನೂರರಲ್ಲಿ 95 ಮಂದಿಗೆ ರಕ್ಷಣೆಯಿದ್ದರೆ ಅದಕ್ಕೆ ಮುಂದಕ್ಕೆ ಹೋಗಲು ದಾರಿ ಸಿಗುವುದಿಲ್ಲ. ನಮ್ಮ ದೇಶದಲ್ಲಿ ದಡಾರದ ಮೊದಲ ಲಸಿಕೆ ಕೊಡುವುದು 9 ತಿಂಗಳು ತುಂಬಿದ ಮೇಲೆ. ಅಲ್ಲಿಯವರೆಗೆ ತೊಟ್ಟಿಲಲ್ಲಿರುವ ಕೂಸು, ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಬಾಲಕ, ಇವರೆಲ್ಲ ಬದುಕುವುದು ಉಳಿದವರ ನೆರಳಿನಲ್ಲಿ. ನಮ್ಮ ಮಗುವಿನ ತೋಳಿಗೆ ಹಾಕಿಸಿದ ಲಸಿಕೆ ಪಕ್ಕದ ಮನೆಯ ತೊಟ್ಟಿಲನ್ನೂ ಕಾಯುತ್ತದೆ. ತಡೆದ ಸೋಂಕಿಗೆ ಆಂಟಿಬಯೋಟಿಕ್ ಬೇಕಾಗುವುದಿಲ್ಲವಾದ್ದರಿಂದ ಗುಳಿಗೆಯ ಗುಣವನ್ನೂ ಉಳಿಸುತ್ತದೆ.

ಎಲ್ಲ ಅಲ್ಲಾಹನ ವಿಧಿ, ಲಸಿಕೆ ಏಕೆ ಎಂದು ಕೇಳುವವರು ನಮ್ಮಲ್ಲಿದ್ದಾರೆ. ಈ ಪ್ರಶ್ನೆ ಹೊಸದಲ್ಲ. ಹ. ಉಮರ್(ರ) ಸಿರಿಯಾದ ಕಡೆ ಹೊರಟಾಗ ಮುಂದೆ ಪ್ಲೇಗ್ ಇದೆಯೆಂದು ಸುದ್ದಿ ಬಂತು. ಅವರು ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಹ. ಅಬೂ ಉಬೈದಾ(ರ) ಕೇಳಿದರು. ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಎಂಬುದು ಉಮರ್‌ರ ಉತ್ತರ. ರೋಗವಿರುವ ಊರಿಗೆ ಹೋಗಬಾರದು, ಅಲ್ಲಿರುವವರು ಅಲ್ಲಿಂದ ಹೊರಡಬಾರದು ಎಂಬ ಪ್ರವಾದಿ(ಸ)ಯವರ ಬೋಧನೆಯನ್ನು ಅಲ್ಲಿದ್ದ ಇನ್ನೊಬ್ಬ ಸಹಾಬಿ ನೆನಪಿಸಿದರು. ಇದರ ಮೊದಲ ಭಾಗವನ್ನು ನಾವು ಸುಲಭವಾಗಿ ಒಪ್ಪುತ್ತೇವೆ, ಅದು ನಮ್ಮ ಜೀವದ ಮಾತು. ಎರಡನೆಯದು ಕಷ್ಟದ್ದು. ಅದು ನಾವು ಎಂದೂ ನೋಡದ ಊರಿನವರ ಜೀವದ ಮಾತು.

ಭಯದ ವಿಷಯ ಬೇರೆ. ಅದನ್ನು ಅಜ್ಞಾನವೆಂದು ತಳ್ಳಿಹಾಕುವ ವಿದ್ಯಾವಂತರ ಅವಸರ ನಮಗೆ ಒಪ್ಪಿಗೆಯಿಲ್ಲ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಊರಿನಲ್ಲಿ ಪ್ಲೇಗ್ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಒಂದು ಸೀಸೆ ಕಲುಷಿತವಾಗಿತ್ತು. ತುರ್ತುಪರಿಸ್ಥಿತಿಯ ಬಲವಂತದ ಸಂತಾನಹರಣವನ್ನು ಕಂಡ ತಲೆಮಾರು ಸರಕಾರಿ ಸೂಜಿಯನ್ನು ಅನುಮಾನದಿಂದ ನೋಡಿದರೆ ಆಶ್ಚರ್ಯವೇನು? ನೈಜೀರಿಯಾದ ಕಾನೋದಲ್ಲಿ 1996ರಲ್ಲಿ ಮಿದುಳುಪೊರೆಯ ಜ್ವರ ಹಬ್ಬಿದಾಗ ಫೈಜರ್ ಕಂಪೆನಿ ತನ್ನ ಹೊಸ ಆಂಟಿಬಯೋಟಿಕ್ಕಿನ ಪ್ರಯೋಗವನ್ನು 200 ಮಕ್ಕಳನ್ನು ಇಟ್ಟುಕೊಂಡು ನಡೆಸಿತು. 11 ಮಕ್ಕಳು ಸತ್ತರು. ಸರಿಯಾಗಿ ತಿಳಿಸಿ ಒಪ್ಪಿಗೆ ಪಡೆದಿರಲಿಲ್ಲವೆಂದು ಹೆತ್ತವರು ದೂರಿದರು, ಕಂಪೆನಿ ಅಲ್ಲಗಳೆಯಿತು, 2009ರಲ್ಲಿ ಹಣ ಕೊಟ್ಟು ರಾಜಿ ಮಾಡಿಕೊಂಡಿತು. ಅದೇ ಕಾನೋ 2003ರಲ್ಲಿ ಪೋಲಿಯೊ ಹನಿಯನ್ನು ನಿಲ್ಲಿಸಿತು. ಮುಸ್ಲಿಮ್ ರಾಷ್ಟ್ರವಾದ ಇಂಡೋನೇಷ್ಯಾದಿಂದ ಲಸಿಕೆ ತರಿಸಿದ ಮೇಲೆಯೇ 2004ರಲ್ಲಿ ಮತ್ತೆ ಶುರುವಾಯಿತು. ಅಷ್ಟರಲ್ಲಿ ನೈಜೀರಿಯಾದ ವೈರಸ್ ದೇಶದಿಂದ ದೇಶಕ್ಕೆ ದಾಟುತ್ತಾ ಹೋಗಿ 2005ರಲ್ಲಿ ಇಂಡೋನೇಷ್ಯಾವನ್ನೇ ಮುಟ್ಟಿತು. ಅಲ್ಲಿ ಸುಮಾರು 300 ಮಕ್ಕಳು ಅಂಗವಿಕಲರಾದರು. ಕಾನೋದ ಹೆತ್ತವರ ಸಿಟ್ಟು ನ್ಯಾಯವಾದದ್ದೇ. ಅದರ ದಂಡ ತೆತ್ತದ್ದು ಮಾತ್ರ ಕಂಪೆನಿಯಲ್ಲ, ಜಾವಾದ ಮಕ್ಕಳು.

ಕಾರಣವಿರುವ ಭಯ ಬೇರೆ, ಯಾರೋ ಫಾರ್ವರ್ಡ್ ಮಾಡಿದ ಭಯ ಬೇರೆ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಆರಂಭವಾದಾಗ ಇದು ಸಂತಾನ ನಿಲ್ಲಿಸುವ ಸಂಚು ಎಂಬ ಸಂದೇಶಗಳು ಮೊಬೈಲಿನಲ್ಲಿ ಓಡಾಡಿದವು. ಮೊಬೈಲಿನ ಸಂದೇಶ ಏನು ಮಾಡಬಲ್ಲದೆಂದು ನಮ್ಮ ಜಿಲ್ಲೆ ಮರುವರ್ಷವೇ ಕಂಡಿತು. 2018ರ ಜುಲೈಯಲ್ಲಿ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನ ಯುವಕರನ್ನು ಮಕ್ಕಳ ಕಳ್ಳರೆಂದು ಅಟ್ಟಿಸಿಕೊಂಡು ಹೋಗಿ ಒಬ್ಬನನ್ನು ಹೊಡೆದು ಕೊಂದರು. ಓದದೆ ಮುಂದಕ್ಕೆ ಕಳಿಸಿದ ಬೆರಳಿಗೂ ಅದರಲ್ಲಿ ಪಾಲಿರಲಿಲ್ಲವೇ?

ಇಷ್ಟೆಲ್ಲ ಹೇಳಿ ಹೊಣೆಯನ್ನು ಎಲ್ಲರಿಗೂ ಸಮನಾಗಿ ಹಂಚಿದರೆ ಅದು ಅನ್ಯಾಯವಾದೀತು. ಕ್ಷಯದ ಔಷಧವನ್ನು ಕನಿಷ್ಠ ಆರು ತಿಂಗಳು ತೆಗೆದುಕೊಳ್ಳಬೇಕು. ಎರಡು ತಿಂಗಳಲ್ಲಿ ಕೆಮ್ಮು ನಿಂತು ಮೈಗೆ ಬಲ ಬಂದಾಗ ಕೂಲಿಗೆ ಹೊರಟು ಹೋದವನು ಔಷಧಕ್ಕೆ ಬಗ್ಗದ ಕ್ಷಯದೊಂದಿಗೆ ಮರಳಬಹುದು. ಅವನನ್ನು ಫ್ಲೆಮಿಂಗ್ ಕಥೆಯ ಗಂಡನ ಸಾಲಿನಲ್ಲಿ ನಿಲ್ಲಿಸಲು ನಮಗೆ ಮನಸ್ಸು ಬರುವುದಿಲ್ಲ. ಕ್ಷಯರೋಗಿಯ ಆಹಾರಕ್ಕೆಂದು ಸರಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಲ್ಲಿ ಅದನ್ನು 1000ಕ್ಕೆ ಏರಿಸಿತು. ಕೂಲಿ ಬಿಟ್ಟು ಕುಳಿತವನ ಮನೆಗೆ ಅದು ಎಷ್ಟು ದಿನದ ರೊಟ್ಟಿ? ವೈದ್ಯರ ಫೀಸಿಗೆ ಹಣವಿದ್ದೂ ಮೆಡಿಕಲ್ಲಿನಲ್ಲಿ ‘ಪವರ್‌ದು’ ಕೇಳುವ ನಾವು, ಕೊಡದಿದ್ದರೆ ಗಿರಾಕಿ ಹೋದಾನೆಂದು ಕೊಡುವ ಅಂಗಡಿಯವನು, ರೋಗಿ ಬಯಸುತ್ತಾನೆಂದು ನೆಗಡಿಗೂ ಬರೆದುಕೊಡುವ ವೈದ್ಯ, ನಮಗೆ ಆಯ್ಕೆಯಿತ್ತು. ಲೆಕ್ಕ ನಮ್ಮಿಂದ ಶುರುವಾಗಬೇಕು.

ಔರಾದಿನ ತಾಂಡಾಗಳಿಂದ ಜನ ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಹೈದರಾಬಾದ್, ಪುಣೆ, ಮುಂಬೈ ಕಡೆಗೆ ಹೋಗುತ್ತಾರೆ. ಮಕ್ಕಳೂ ಜೊತೆಗೆ ಹೋಗುತ್ತವೆ. ನಮ್ಮ ರಾಜ್ಯದಲ್ಲಿ ಮಕ್ಕಳ ಲಸಿಕೆಯ ದಿನ ಗುರುವಾರ. ದಡಾರದ ಲಸಿಕೆ ಪುಡಿಯ ರೂಪದಲ್ಲಿ ಸೀಸೆಯಲ್ಲಿರುತ್ತದೆ, ಒಂದು ಸೀಸೆಯಲ್ಲಿ ಹಲವು ಮಕ್ಕಳಿಗಾಗುವಷ್ಟು. ದ್ರಾವಣ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ಒಂದೇ ಮಗು ಬಂದಾಗ ಸೀಸೆ ಒಡೆಯಬೇಕೇ, ಮುಂದಿನ ವಾರ ಬಾ ಎನ್ನಬೇಕೇ? ಒಂದೇ ಮಗುವಾದರೂ ಒಡೆಯಬೇಕೆಂದು ನಿಯಮ ಹೇಳುತ್ತದೆ. ವ್ಯರ್ಥವಾದ ಡೋಸಿನ ಲೆಕ್ಕ ಬರೆಯಬೇಕಾದ ನರ್ಸ್ ಒಂದು ಗಳಿಗೆ ತಡೆಯುತ್ತಾಳೆ. ಟ್ರ್ಯಾಕ್ಟರಿಗೆ ಪಾತ್ರೆ, ಹಾಸಿಗೆ ಏರಿಸಿ ಬಂದ ತಾಯಿ ಅಂಗನವಾಡಿಯ ಬಾಗಿಲಲ್ಲಿ ನಿಂತಿದ್ದಾಳೆ, ಅವಳಿಗೆ ಮುಂದಿನ ಗುರುವಾರ ಈ ಊರಿನಲ್ಲಿಲ್ಲ. ನರ್ಸ್ ಡಬ್ಬಿಯಿಂದ ಸೀಸೆ ತೆಗೆದು ದ್ರಾವಣ ಬೆರೆಸುತ್ತಾಳೆ.