ವಿರಹದ ವಚನಗಾನವೂ ಗೃಹಸ್ಥರ ಶೋಕವೂ

ಶರಣರು ಮರಣವನ್ನು ಹಬ್ಬವೆಂದು ಬಗೆದವರು. ಲಿಂಗೈಕ್ಯರಾದವರಿಗಾಗಿ ಅಳಲಾಗದೆಂದು ಹಿರಿಯರು ಹೇಳುತ್ತ ಬಂದಿರುವರು. ಹೀಗಿರುವಲ್ಲಿ, ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಅಕ್ಕಮಹಾದೇವಿಯ ವಿರಹವಚನಗಳ ಒಂದೇ ಧ್ವನಿಸುರುಳಿಯನ್ನು ಇರುಳೆಲ್ಲ ಮತ್ತೆ ಮತ್ತೆ ಕೇಳುತ್ತ ಕಣ್ಣೀರಿಟ್ಟರೆ ಅದು ಭಕ್ತಿಯೋ ದೌರ್ಬಲ್ಯವೋ? ನೊಂದವರು ನೋವಿನ ಹಾಡನ್ನೇ ಏಕೆ ಬಯಸುವರು? ಈ ಶಂಕೆಯು ಅನೇಕ ಸದ್ಭಕ್ತರ ಮನೆಗಳಲ್ಲಿ ಏಳುವುದುಂಟು. “ಅದನ್ನು ನಿಲ್ಲಿಸವ್ವ, ಮನಸ್ಸು ಇನ್ನಷ್ಟು ಕೆಡುತ್ತದೆ” ಎಂದು ಮನೆಯವರು ಕಳಕಳಿಯಿಂದಲೇ ಹೇಳುವರು.

ಇಂಡಿ ಸೀಮೆಯ ತಾಂಬಾದಂತಹ ಊರುಗಳಲ್ಲಿ ಶಾಸ್ತ್ರಕ್ಕಿಂತ ಮೊದಲೇ ರೂಢಿಯು ಇದಕ್ಕೆ ಉತ್ತರವನ್ನು ಕೊಟ್ಟಿದೆ. ಸಾವಾದ ಮನೆಯಲ್ಲಿ ಕಾಯಕ್ಕೆ ವಿಭೂತಿಯನ್ನು ಧರಿಸಿ ಕುಳ್ಳಿರಿಸಿ, ಭಜನೆಯವರನ್ನು ಕರೆಸಿ, ಹಾರ್ಮೋನಿಯಂ ತಾಳಗಳೊಡನೆ ಬೆಳಗಿನವರೆಗೆ ಹಾಡಿಸುವರು. ಆ ಹಾಡುಗಳಲ್ಲಿ ಉಲ್ಲಾಸದವು ವಿರಳ. ಅಳುವವರನ್ನು ಅಲ್ಲಿ ಯಾರೂ ತಡೆಯುವುದಿಲ್ಲ. ಅಳುವು ಹಾಡಿನೊಳಗೆ ಬೆರೆತುಹೋಗುವುದು.

ಇದರ ಮರ್ಮವನ್ನು ಅರಿಯಲು ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಮಾಡಿರುವ ಒಂದು ಭೇದವು ನೆರವಾಗುವುದು. ಕರುಣಕ್ಕೂ ವಿಪ್ರಲಂಭಕ್ಕೂ ಕಣ್ಣೀರು ಸಮಾನ. ಆದರೆ ಕರುಣವು ನಿರಪೇಕ್ಷವಾದುದು, ಎಂದರೆ ಅದರಲ್ಲಿ ಆಸೆಯು ಬತ್ತಿಹೋಗಿರುವುದು. ವಿಪ್ರಲಂಭವು ಸಾಪೇಕ್ಷವಾದುದು, ಅಗಲಿಕೆಯೇ ಆದರೂ ಅದರಲ್ಲಿ ಕಾಯುವಿಕೆಯು ಜೀವಂತವಾಗಿರುವುದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ದುಃಖ. ಒಳಗಿದ್ದವರಿಗೆ ಅವುಗಳ ಅಂತರವು ಮುಚ್ಚಿದ ಬಾಗಿಲಿಗೂ ತೆರೆದ ಬಾಗಿಲಿಗೂ ಇರುವ ಅಂತರ.

ಅಕ್ಕನ ವಚನಗಳು ಈ ಎರಡನೆಯ ಬಗೆಯವು. ಉಡುತಡಿಯನ್ನು ಬಿಟ್ಟು, ಕಲ್ಯಾಣವನ್ನು ಹಾಯ್ದು, ಶ್ರೀಶೈಲದ ಕದಳಿಗೆ ನಡೆದ ಆ ಮಹಾತಾಯಿಯು ಗಿಳಿ ಕೋಗಿಲೆ ದುಂಬಿಗಳನ್ನು ತಡೆದು ತನ್ನ ಚೆನ್ನನನ್ನು ಕಂಡಿರಾ ಎಂದು ಕೇಳುವಳು. ಇಲ್ಲದವನನ್ನು ಯಾರೂ ಹೀಗೆ ವಿಚಾರಿಸಲಾರರು. ಇದ್ದಾನೆಂಬ ನಿಶ್ಚಯವಿರುವುದರಿಂದಲೇ ಕಾಣನೆಂಬ ಸಂಕಟವು. ಅಷ್ಟಲ್ಲದೆ, ಎಷ್ಟೇ ಕಡುದುಃಖದ ವಚನವಾಗಲಿ, ಅದು ಅಂಕಿತದಲ್ಲಿ ಹೆಸರು ಹಿಡಿದು ಕರೆಯದೆ ಮುಗಿಯುವುದಿಲ್ಲ. ಇಲ್ಲಿಯೇ ಗೃಹಸ್ಥರಿಗೆ ಬೇಕಾದುದು ಇದೆ. ಹೋದ ಮಗನು ಮರಳಿ ಬರುವನೆಂದು ಅಕ್ಕನು ಯಾವ ತಾಯಿಗೂ ಮಾತು ಕೊಡುವುದಿಲ್ಲ. ಕೊಟ್ಟಿದ್ದರೆ ಅದು ಸುಳ್ಳಾಗುತ್ತಿತ್ತು, ತಾಯಿಯೂ ಅದನ್ನು ನಂಬುತ್ತಿರಲಿಲ್ಲ. ಅಕ್ಕನು ಮಾಡುವುದಿಷ್ಟೇ: ಗೋಡೆಯ ಕಡೆಗೆ ಮುಖಮಾಡಿ ಅಳುತ್ತಿದ್ದವಳನ್ನು ಕೇಳುವವನೊಬ್ಬನ ಕಡೆಗೆ ತಿರುಗಿಸುವಳು. ದುಃಖವು ಅಷ್ಟೇ ಇರುವುದು. ಅದಕ್ಕೆ ದಿಕ್ಕು ಬರುವುದು.

ಓದುವುದಕ್ಕಿಂತ ಹಾಡನ್ನು ಕೇಳುವುದರಲ್ಲಿ ಇದು ಹೆಚ್ಚು ಸಿದ್ಧಿಸುವುದೇಕೆ? ವಚನವನ್ನು ಓದುವವನು ಅಂಕಿತವನ್ನು ಒಮ್ಮೆ ದಾಟಿ ಮುಂದಿನದಕ್ಕೆ ಹೋಗುವನು. ಹಾಡುವವನು ಅಲ್ಲಿಯೇ ನಿಲ್ಲಬಲ್ಲನು. ಆ ಹೆಸರನ್ನು ಮಂದ್ರದಿಂದ ತಾರಕ್ಕೆ ಏರಿಸಿ, ಇಳಿಸಿ, ಮತ್ತೆ ಹಿಡಿದು ಕರೆಯಬಲ್ಲನು. ಧಾರವಾಡದ ಬಳಿಯ ಮನಸೂರಿನಲ್ಲಿ 1910ರಲ್ಲಿ ಜನಿಸಿದ ಪಂಡಿತ ಮಲ್ಲಿಕಾರ್ಜುನ ಮನಸೂರರು ಅಕ್ಕನ ವಚನಗಳನ್ನು ಹಿಂದುಸ್ತಾನಿ ರಾಗಗಳಲ್ಲಿ ಹಾಡಿದುದನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವರೂ ಅಗಲಿಕೆಯನ್ನು ಬಲ್ಲವರು. ಜೈಪುರ-ಅತ್ರೌಲಿ ಘರಾಣೆಯ ವಿದ್ಯೆಯನ್ನು ಧಾರೆಯೆರೆಯುತ್ತಿದ್ದ ಗುರು ಮಂಜಿಖಾನರು 1937ರಲ್ಲಿ ತೀರಿಕೊಂಡಾಗ ಶಿಕ್ಷಣವು ನಡುದಾರಿಯಲ್ಲಿ ನಿಂತಿತು. ಗುರುವಿನ ಸೋದರ ಭೂರ್ಜಿಖಾನರಲ್ಲಿ ಅದು ಮುಂದುವರಿಯಿತು. 1992ರಲ್ಲಿ ಪಂಡಿತರು ಲಿಂಗೈಕ್ಯರಾದರು. ಆ ದನಿಯು ಮಾತ್ರ ಧ್ವನಿಮುದ್ರಿಕೆಗಳಲ್ಲಿ ಉಳಿದಿದೆ. ಆ ವಚನಗಳಾದರೂ ನಮ್ಮ ಮನೆಗಳಿಗೆ ತಲುಪಿದುದು ವಿಜಯಪುರದ ಫ. ಗು. ಹಳಕಟ್ಟಿಯವರಂತಹ ಪುಣ್ಯಾತ್ಮರು ತಾಡೋಲೆಗಳನ್ನು ಹುಡುಕಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚಿಗೆ ತಂದುದರಿಂದಲ್ಲವೆ?

ಮದುವೆಯ ಮಂಟಪದಲ್ಲಿ ಧ್ವನಿವರ್ಧಕದಿಂದ ಅಕ್ಕನ ವಿರಹವನ್ನು ಬಿತ್ತರಿಸುವ ಈಚಿನ ಪದ್ಧತಿಯು ವಿಚಿತ್ರವೇ ಸರಿ. ಅಲ್ಲಿ ಅದನ್ನು ಯಾರೂ ಕೇಳುವುದಿಲ್ಲವೆಂಬುದೊಂದೇ ಸಮಾಧಾನ.

ಆದುದರಿಂದ ಶೋಕತಪ್ತರಾದವರು ಇಂತಹ ಗಾನವನ್ನು ಕೇಳುತ್ತಿರುವಾಗ ಮನೆಯವರು ಅದನ್ನು ನಿಲ್ಲಿಸಲು ಆತುರಪಡಲಾಗದು. ಆದರೆ ಅವರನ್ನು ಒಂಟಿಯಾಗಿಯೂ ಬಿಡತಕ್ಕದ್ದಲ್ಲ. ಹಾಡು ಊಟವನ್ನೂ ನಿದ್ದೆಯನ್ನೂ ಕಾಯಕವನ್ನೂ ನುಂಗತೊಡಗಿದರೆ ಅದು ಬೇರೆಯ ಮಾತು. ಆಗ ಬಂಧುಗಳೂ ವೈದ್ಯರೂ ಬೇಕು. ಇಲ್ಲದಿದ್ದರೆ ಬಳಿಯಲ್ಲಿ ಸುಮ್ಮನೆ ಕುಳಿತು ಜೊತೆಗೆ ಕೇಳಬೇಕು. ಎಂದೋ ಒಂದು ಬೆಳಗಿನ ಜಾವ ಅಂಕಿತವು ಬಂದಾಗ ಆ ತಾಯಿಯು ತಾನೂ ಮೆಲ್ಲನೆ ದನಿಗೂಡಿಸುವಳು. ಆಗ ಯಾವ ಮಾತನ್ನೂ ಆಡದೆ ಪೂಜೆಗೆ ಅಗ್ಘವಣಿಯನ್ನು ತಂದಿರಿಸಿದರೆ ಸಾಕು.