ಖಾಲಿ ಕೋಟೆಯ ದೀಪ



ಇಟಲಿಗೆ ಯಾತ್ರೆ ಹೋಗಿಬಂದವರನ್ನು ಏನೇನು ನೋಡಿದಿರಿ ಎಂದು ಕೇಳಿ ನೋಡಿ. ರೋಮಾಪುರಿ, ಸಂತ ಪೇತ್ರರ ಮಹಾದೇವಾಲಯ, ಅಸಿಸಿ, ಪಾದುವಾದಲ್ಲಿ ಸಂತ ಅಂತೋಣಿಯವರ ಸಮಾಧಿ ಎನ್ನುತ್ತಾರೆ. ಆ ಪಾದುವಾದಿಂದ ಉತ್ತರಕ್ಕೆ ಕೆಲವು ಗಂಟೆ ಪ್ರಯಾಣ ಮಾಡಿದರೆ ದೊಲೊಮಿತಿ ಎಂಬ ಪರ್ವತಸೀಮೆ ಸಿಗುತ್ತದೆ. ನಮ್ಮವರು ಅಲ್ಲಿಗೆ ಹೋಗುವುದು ಕಡಿಮೆ. ಹೋದರೂ ಹಿಮ ನೋಡಿ, ಫೋಟೊ ತೆಗೆಸಿಕೊಂಡು ಇಳಿದುಬಿಡುತ್ತಾರೆ. ಆದರೆ ಆ ಬೆಟ್ಟಗಳ ಮೈಮೇಲೆ ಕೋಟೆಗಳೂ ಕಂದಕಗಳೂ ಇವೆ, ಹೊಟ್ಟೆಯೊಳಗೆ ಸುರಂಗಗಳಿವೆ. ಮೊದಲನೆಯ ಮಹಾಯುದ್ಧದಲ್ಲಿ ಇಟಲಿಯ ಸೈನಿಕರೂ ಆಸ್ಟ್ರಿಯ-ಹಂಗೇರಿಯ ಸೈನಿಕರೂ ಎರಡೂವರೆ ವರ್ಷ ಎದುರುಬದುರಾಗಿ ಕುಳಿತ ಜಾಗ ಅದು. ಧ್ಯಾನಕೂಟಕ್ಕೆ ಹೋಗುವ ಮನಸ್ಸಿನಿಂದ ಅದನ್ನು ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಏಕೆ ಗೊತ್ತೇ? ಅಲ್ಲಿ ಕಾದಾಡಿದವರಲ್ಲಿ ಹೆಚ್ಚಿನವರು ಎರಡೂ ಕಡೆ ಕಥೋಲಿಕರೇ. ಇಟಲಿ ಯುದ್ಧ ಸಾರಿದ್ದು 1915ರ ಮೇ 23ರಂದು. ಅಂದು ಪೆಂತೆಕೋಸ್ತ್ ಭಾನುವಾರ! ಪವಿತ್ರಾತ್ಮರು ಇಳಿದು ಬಂದಾಗ ಹಲವು ಭಾಷೆಗಳ ಜನ ಒಂದೇ ಸಂದೇಶವನ್ನು ತಮ್ಮ ತಮ್ಮ ಮಾತಿನಲ್ಲಿ ಕೇಳಿದರೆಂದು ನಾವು ನೆನೆಯುವ ದಿನ. ಈ ಕಡೆಯ ಗುರುಗಳೂ ಆ ಕಡೆಯ ಗುರುಗಳೂ ತಮ್ಮ ತಮ್ಮ ಸೈನಿಕರಿಗೆ ಅದೇ ಲತೀನ್ ಭಾಷೆಯಲ್ಲಿ ಅದೇ ಬಲಿಪೂಜೆಯನ್ನು ಅರ್ಪಿಸಿದರು. ಪೂಜೆ ಮುಗಿದ ಮೇಲೆ ಅವರ ಮಂದಿ ಮತ್ತೆ ಬಂದೂಕು ಹಿಡಿದರು.

ಲಗತ್ಸುವೊಯಿ ಎಂಬ ಬೆಟ್ಟವನ್ನು ನೋಡಿ. ನೆತ್ತಿಯಲ್ಲಿ ಆಸ್ಟ್ರಿಯದವರು, ಬೆಟ್ಟದ ಮಧ್ಯದ ಕಿರಿದಾದ ಅಂಚಿನಲ್ಲಿ ಇಟಲಿಯವರು. ಮೇಲಿನವರನ್ನು ಕೆಡಹಲು ಕೆಳಗಿನವರು ಬಂಡೆಯೊಳಗೆ ಸುಮಾರು 1,100 ಮೀಟರ್ ಉದ್ದದ ಸುರಂಗ ಕೊರೆದರು. 1917ರ ಜೂನ್ 20ರಂದು ಸುಮಾರು 33 ಟನ್ ಸಿಡಿಮದ್ದು ಸಿಡಿಸಿ ಬೆಟ್ಟದ ಒಂದು ಶಿಖರವನ್ನೇ ಉರುಳಿಸಿದರು. ಮೇಲಿನವರೇನು ಸುಮ್ಮನಿದ್ದರೇ? ಅವರೂ ಕೊರೆದರು, ಅವರೂ ಸಿಡಿಸಿದರು. ಈಗ ಅಲ್ಲಿಗೆ ಹಗ್ಗದ ಮೇಲೆ ಸಾಗುವ ಕೇಬಲ್ ಕಾರಿನಲ್ಲಿ ಏರಿ, ತಲೆಗೆ ಹೆಲ್ಮೆಟ್ ಹಾಕಿ, ಕೈಯಲ್ಲಿ ಟಾರ್ಚು ಹಿಡಿದು ಆ ಸುರಂಗದೊಳಗಿಂದಲೇ ಕೆಳಗಿಳಿಯಬಹುದು. ಸ್ವಲ್ಪ ದೂರದಲ್ಲಿ ಕೋಲ್ ದಿ ಲಾನ. 1916ರ ಏಪ್ರಿಲ್ 17ರ ರಾತ್ರಿ, ಪವಿತ್ರ ವಾರದ ಸೋಮವಾರ, ಇಟಲಿಯವರು ಅದರ ತುದಿಯನ್ನು ಹೀಗೆಯೇ ಸಿಡಿಸಿದರು. ನೂರಕ್ಕೂ ಹೆಚ್ಚು ಜನ ಸತ್ತರು. ಅದರ ಹಿಂದಿನ ದಿನ ಗರಿಗಳ ಭಾನುವಾರ.

ಇದರಿಂದ ಗಳಿಸಿದ್ದೇನು? ಕೋಲ್ ದಿ ಲಾನದ ಪಕ್ಕದ ಬೆಟ್ಟ ಆಸ್ಟ್ರಿಯದವರ ಕೈಯಲ್ಲೇ ಉಳಿಯಿತು. 1917ರ ಅಕ್ಟೋಬರಿನಲ್ಲಿ ದೂರದ ಕಪೊರೆತ್ತೊದಲ್ಲಿ ಇಟಲಿಗೆ ಸೋಲಾದ ಮೇಲೆ, ನವೆಂಬರಿನಲ್ಲಿ ಇಟಲಿಯವರು ಈ ಬೆಟ್ಟಗಳನ್ನೆಲ್ಲ ಬಿಟ್ಟು ಹೊರಟುಹೋದರು. ಕೊರೆದ ಸುರಂಗ ಅಲ್ಲೇ, ಸತ್ತವರೂ ಅಲ್ಲೇ.

ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ವಲ್‌ಪರೋಲ ಕಣಿವೆಯ ದಾರಿಯಲ್ಲಿರುವ ತ್ರೆ ಸಾಸಿ ಎಂಬ ಸಣ್ಣ ಕೋಟೆ. ಆಸ್ಟ್ರಿಯದವರು ಯುದ್ಧಕ್ಕೆ ಎಷ್ಟೋ ವರ್ಷ ಮೊದಲೇ ಕಟ್ಟಿದ್ದು. 1915ರ ಜುಲೈ ತಿಂಗಳಲ್ಲಿ ಇಟಲಿಯವರ ಗುಂಡುಗಳಿಗೆ ಅದರ ಚಾವಣಿ ತೂತುಬಿತ್ತು. ಒಳಗಿದ್ದವರು ಕೋಟೆ ಖಾಲಿಮಾಡಿ ಸುತ್ತಲಿನ ಬಂಡೆಗಳ ಕಡೆ ಸರಿದರು. ಹೋಗುವಾಗ ಒಂದು ಉಪಾಯ ಮಾಡಿದರಂತೆ: ರಾತ್ರಿ ಹೊತ್ತು ಆ ಖಾಲಿ ಕೋಟೆಯಲ್ಲಿ ಲಾಂದ್ರ ಹಚ್ಚಿಡುವುದು. ದೀಪ ಕಂಡ ಇಟಲಿಯವರು ಒಳಗೆ ಜನರಿದ್ದಾರೆಂದು ನಂಬಿ, ಯಾರೂ ಇಲ್ಲದ ಗೋಡೆಗಳ ಮೇಲೆ ಗುಂಡು ಸುರಿಸುತ್ತಲೇ ಇದ್ದರು. ಈಗ ಆ ಕೋಟೆ ವಸ್ತುಸಂಗ್ರಹಾಲಯ. ನೋಡಲು ಬಂದವರಿಗೆ ಈ ಕಥೆ ಹೇಳುತ್ತಾರೆ, ಬಂದವರು ನಗುತ್ತಾರೆ.

ನಗುವುದಕ್ಕೆ ಮೊದಲು ನಮ್ಮ ಮನೆಗಳ ಕಡೆ ಸ್ವಲ್ಪ ತಿರುಗಿ ನೋಡೋಣ. ಪಾಲಾದ ಆಸ್ತಿಯಲ್ಲಿ ಒಂದು ತೆಂಗಿನ ಮರ ಯಾರ ಕಡೆಗೆ ಎಂದು ಅಣ್ಣತಮ್ಮಂದಿರು ಜಗಳವಾಡಿದರು. ಆ ಮರ ಬಿದ್ದು ಎಷ್ಟೋ ವರ್ಷವಾಯಿತು. ಮಾತು ಮಾತ್ರ ಇನ್ನೂ ನಿಂತೇ ಇದೆ. ಮದುವೆಯ ಊಟದಲ್ಲಿ ಸರಿಯಾಗಿ ಕರೆಯಲಿಲ್ಲವೆಂದು ಅತ್ತಿಗೆ ಮುನಿಸಿಕೊಂಡಳು. ಆ ಮದುವೆಯ ಮಗುವಿಗೆ ಈಗ ಪರಮಪ್ರಸಾದ ಸ್ವೀಕರಿಸುವ ವಯಸ್ಸು. ಜಗಳದ ಕಾರಣ ಯಾವತ್ತೋ ಖಾಲಿಮಾಡಿಕೊಂಡು ಹೋಗಿದೆ. ಅಲ್ಲಿ ದಿನಾ ರಾತ್ರಿ ಲಾಂದ್ರ ಹಚ್ಚಿಡುವವರು ಯಾರು? ಕೆಲವೊಮ್ಮೆ ಚಾಡಿ ಹೇಳುವ ನೆಂಟರು. ಹೆಚ್ಚಾಗಿ ನಾವೇ. 'ದೊಡ್ಡಪ್ಪನ ಮನೆ ಕಡೆ ಹೋಗಬೇಡ' ಎಂದು ಮಕ್ಕಳಿಗೆ ಹೇಳುವಾಗಲೆಲ್ಲ ಆ ದೀಪಕ್ಕೆ ಎಣ್ಣೆ ಹೊಯ್ಯುತ್ತೇವೆ. ಇಬ್ಬರೂ ಅದೇ ದೇವಾಲಯಕ್ಕೆ ಬರುತ್ತೇವೆ. ಅವರು ಎಡಗಡೆಯ ಬೆಂಚಿನಲ್ಲಿ, ನಾವು ಬಲಗಡೆ. ಶಾಂತಿಯನ್ನು ಹಂಚಿಕೊಳ್ಳಿರಿ ಎಂದು ಗುರುಗಳು ಹೇಳಿದಾಗ ಮುಂದಿರುವ ಅಪರಿಚಿತರಿಗೆ ಕೈಮುಗಿದು ಮುಗಿಸುತ್ತೇವೆ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ರಾಜಿಯಾಗಬೇಕೆಂದು ಪ್ರಭು ಯೇಸು ಹೇಳಿದ್ದು ಪರದೇಶದ ಸೈನಿಕರಿಗೆ ಮಾತ್ರವಲ್ಲ.

ಆಗಿನ ಪೋಪ್ 15ನೆಯ ಬೆನೆಡಿಕ್ಟರು 1917ರ ಆಗಸ್ಟ್ 1ರಂದು ಯುದ್ಧನಿರತ ದೇಶಗಳ ನಾಯಕರಿಗೆ ಪತ್ರ ಬರೆದು, ಈ ವ್ಯರ್ಥ ನರಹತ್ಯೆ ನಿಲ್ಲಲಿ ಎಂದು ಬೇಡಿಕೊಂಡರು. ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡೂ ಕಡೆಯವರಿಗೂ ಅವರ ಮೇಲೆ ಸಿಟ್ಟು ಬಂತು. ನಡುವೆ ನಿಂತು ರಾಜಿಮಾಡಿಸಲು ಹೋದ ಯಾವ ತಾಯಿಯನ್ನಾದರೂ ಕೇಳಿ, ಇದು ಅವಳಿಗೆ ಹೊಸ ಸಂಗತಿಯಲ್ಲ.

ಆದರೂ ಆ ಬೆಟ್ಟಗಳಲ್ಲಿ ಇನ್ನೊಂದು ಕೆಲಸವೂ ನಡೆಯಿತು. 1973ರಲ್ಲಿ ಆಸ್ಟ್ರಿಯದ ವಾಲ್ಟರ್ ಶೌಮನ್ ಎಂಬ ಸೇನಾಧಿಕಾರಿ 'ದೊಲೊಮಿತಿಯ ಗೆಳೆಯರು' ಎಂಬ ಸಂಘ ಕಟ್ಟಿದರು. ಹಲವು ದೇಶಗಳ ಸ್ವಯಂಸೇವಕರು ಬೇಸಿಗೆಯಲ್ಲಿ ಬಂದು, ಕುಸಿದ ಸೈನಿಕ ದಾರಿಗಳ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಕೂರಿಸಿದರು. ಹಿಂದೆ ಮದ್ದುಗುಂಡು ಹೊತ್ತೊಯ್ಯುತ್ತಿದ್ದ ದಾರಿಗಳವು. ಈಗ ಅವುಗಳಿಗೆ ಶಾಂತಿಯ ದಾರಿಗಳೆಂದೇ ಹೆಸರು.

ನಿಮ್ಮ ಮನೆಯ ಮಗನೋ, ಕನ್ಯಾಸ್ತ್ರೀಯಾದ ಮಗಳೋ ಇಟಲಿಯಲ್ಲಿದ್ದು ಎಂದಾದರೂ ಅತ್ತ ಹೋಗುವ ಅವಕಾಶ ಬಂದರೆ ಜುಲೈಯಿಂದ ಸೆಪ್ಟೆಂಬರ್ ಒಳಗೆ ಹೋಗಿ, ಆಮೇಲೆ ಹಿಮ. ಸ್ವೆಟರ್ ಮರೆಯಬೇಡಿ, ಸುರಂಗದೊಳಗೆ ನೀರು ತೊಟ್ಟಿಕ್ಕುತ್ತದೆ, ಗಟ್ಟಿ ಬೂಟು ಬೇಕು. ಕೋಲ್ ದಿ ಲಾನದ ತುದಿಯಲ್ಲಿ ಒಂದು ಪುಟ್ಟ ಪ್ರಾರ್ಥನಾಲಯವಿದೆ. ಅಲ್ಲಿ ಮೃತರಿಗಾಗಿ ಪ್ರಾರ್ಥಿಸುವಾಗ ಯಾವ ಕಡೆಯವರು ಎಂದು ಕೇಳುವವರು ಯಾರೂ ಇಲ್ಲ.