ಕಾಣದ ಗ್ರಾಹಕ ಮತ್ತು ವ್ಯಾಪಾರಧರ್ಮ

ಗ್ರಾಹಕನನ್ನು ತನ್ನತ್ತ ಸೆಳೆಯುವುದು ವ್ಯಾಪಾರಿಯ ಸಹಜ ಕರ್ತವ್ಯ. ಅಂಗಡಿಯ ಮುಂದೆ ಹೊಸ ಸೀರೆಯನ್ನು ತೂಗುಹಾಕುವುದಾಗಲಿ, ಬಂದವರನ್ನು ಆದರದಿಂದ ಕೂರಿಸಿ ಹತ್ತು ಬಗೆಗಳನ್ನು ಬಿಚ್ಚಿ ತೋರಿಸುವುದಾಗಲಿ ದೋಷವೆಂದು ಯಾರೂ ಹೇಳಲಾರರು. ಆದರೆ ಆಕರ್ಷಣೆ ಎಲ್ಲಿ ಮುಗಿಯುತ್ತದೆ, ವಂಚನೆ ಎಲ್ಲಿ ಆರಂಭವಾಗುತ್ತದೆ ಎಂಬುದು ಹಳೆಯ ಪ್ರಶ್ನೆ. ಚಿಕ್ಕ ವ್ಯಾಪಾರಿಯೂ ಜಾಲತಾಣ ತೆರೆದು ದೂರದೂರಿನವರಿಗೆ ಸರಕು ಮಾರುವ ಈ ಕಾಲದಲ್ಲಿ ಆ ಪ್ರಶ್ನೆ ಮತ್ತಷ್ಟು ಸೂಕ್ಷ್ಮವಾಗಿದೆ.

ಇಳಕಲ್ ಸೀರೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬಾಗಲಕೋಟೆ ಜಿಲ್ಲೆಯ ಈ ಸೀರೆಯಲ್ಲಿ ಒಡಲಿನ ನೂಲಿಗೆ ಸೆರಗಿನ ನೂಲನ್ನು 'ಕೊಂಡಿ' ಎಂಬ ಕ್ರಮದಿಂದ ಜೋಡಿಸುತ್ತಾರೆ. ಹತ್ತಿ, ರೇಷ್ಮೆ, ಕೃತಕ ರೇಷ್ಮೆಗಳಲ್ಲಿ ಇದು ದೊರೆಯುತ್ತದೆ. ಕೈಮಗ್ಗದ ಸೀರೆಯ ಪಕ್ಕದಲ್ಲಿಯೇ ಅದರಂತೆ ತೋರುವ ವಿದ್ಯುತ್ ಮಗ್ಗದ ಸೀರೆಯೂ ಮಾರಾಟಕ್ಕಿರುತ್ತದೆ. ಅಂಗಡಿಗೆ ಬಂದ ಗೃಹಿಣಿ ಬಟ್ಟೆಯನ್ನು ಬೆರಳುಗಳ ನಡುವೆ ಹಿಡಿದು, ಬೆಳಕಿಗೆ ಒಡ್ಡಿ, ಹಿಂಬದಿಯನ್ನು ತಿರುಗಿಸಿ ಪರೀಕ್ಷಿಸುತ್ತಾಳೆ. ಫೋನಿನ ಪರದೆಯನ್ನು ನೋಡುತ್ತಿರುವವಳಿಗೆ ಈ ಅನುಕೂಲವಿಲ್ಲ. ಮಾರುವವನು ತೋರಿಸಿದ ಚಿತ್ರ, ಅವನು ಬರೆದ ಮಾತು, ಇವೆರಡೇ ಅವಳಿಗೆ ಆಧಾರ. ಆದುದರಿಂದ ಜಾಲತಾಣದಲ್ಲಿ ವಿವರಣೆಯೇ ತಕ್ಕಡಿ. ಅಲ್ಲಿ ಹೇಳಬೇಕಾದ ಒಂದು ಶಬ್ದವನ್ನು ಮುಚ್ಚಿಟ್ಟರೆ ತೂಕದಲ್ಲಿ ಕಡಿಮೆ ಕೊಟ್ಟಂತೆಯೇ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಅಳತೆ ತೂಕಗಳಲ್ಲಿ ಮೋಸ ಮಾಡುವ ಹೀನಾಧಿಕಮಾನೋನ್ಮಾನವನ್ನೂ, ಒಂದರಂತೆ ತೋರುವ ಇನ್ನೊಂದನ್ನು ಮಾರುವ ಪ್ರತಿರೂಪಕವ್ಯವಹಾರವನ್ನೂ ಹೇಳಿದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಸುಳ್ಳು ಬರಹವಾದ ಕೂಟಲೇಖಕ್ರಿಯೆಯನ್ನು ಸೇರಿಸಿದೆ. ಕೃತಕ ರೇಷ್ಮೆಯನ್ನು ಬರಿದೆ 'ರೇಷ್ಮೆ' ಎಂದು ಬರೆಯುವುದು ಪ್ರತಿರೂಪಕವಲ್ಲದೆ ಮತ್ತೇನು? ಗ್ರಾಹಕರ ಹೆಸರಿನಲ್ಲಿ ತಾನೇ ಪ್ರಶಂಸೆ ಬರೆದು ಪ್ರಕಟಿಸುವುದು ಕೂಟಲೇಖವೇ ಸರಿ. ಸಾಧನ ಹೊಸದು, ದೋಷ ಹೊಸದಲ್ಲ.

ದೇಶದ ಕಾನೂನೂ ಈ ದಿಕ್ಕಿನಲ್ಲಿಯೇ ನಡೆದಿದೆ. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಮಾರುವವನು ಗ್ರಾಹಕನ ವೇಷದಲ್ಲಿ ವಿಮರ್ಶೆ ಬರೆಯುವಂತಿಲ್ಲ. ಮೊದಲೇ ಗುರುತು ಹಾಕಿದ ಚೌಕದ ಮೂಲಕ ಗ್ರಾಹಕನ ಒಪ್ಪಿಗೆಯನ್ನು ಪಡೆಯುವಂತಿಲ್ಲ. 2023ರ ನವೆಂಬರ್ 30ರಂದು ಹೊರಬಿದ್ದ ಮಾರ್ಗಸೂಚಿಗಳು ಇಂತಹ 13 ಬಗೆಯ ಮರೆಮೋಸಗಳನ್ನು ಹೆಸರಿಸಿವೆ. ಸುಳ್ಳು ಅವಸರ ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಹಣ ಕೊಡುವ ಕೊನೆಯ ಗಳಿಗೆಯವರೆಗೆ ಪೂರ್ಣ ಬೆಲೆಯನ್ನು ಮರೆಮಾಡುವುದು ಅವುಗಳಲ್ಲಿ ಸೇರಿವೆ.

ಹಾಗಾದರೆ ಪ್ರಾಮಾಣಿಕನು ಸೆಳೆಯುವ ವಿದ್ಯೆಯನ್ನೇ ತೊರೆಯಬೇಕೆ? ಬೇಕಿಲ್ಲ. ಚಿತ್ರಗಳ ಗಾತ್ರವನ್ನು ತಗ್ಗಿಸಿ ಪುಟವು ಫೋನಿನಲ್ಲಿ ಬೇಗ ತೆರೆಯುವಂತೆ ಮಾಡಲಿ. ಜನರು ಹುಡುಕುವಾಗ ಬಳಸುವ ಮಾತುಗಳನ್ನೇ ಶೀರ್ಷಿಕೆಯಲ್ಲಿ ಬರೆಯಲಿ. ಸೆರಗು, ಅಂಚು, ಹಿಂಬದಿಗಳನ್ನು ಹಗಲಿನ ಬೆಳಕಿನಲ್ಲಿ ತೆಗೆದು ತೋರಿಸಲಿ. ನೂಲು ಯಾವುದು, ಮಗ್ಗ ಯಾವುದು, ಉದ್ದವೆಷ್ಟು, ಒಗೆಯುವುದು ಹೇಗೆ, ಕೊರಿಯರ್ ವೆಚ್ಚ ಸೇರಿ ಒಟ್ಟು ಬೆಲೆ ಎಷ್ಟು, ಹಿಂದಿರುಗಿಸುವ ಕ್ರಮವೇನು ಎಂಬುದನ್ನು ತಿಳಿಯಾಗಿ ಹೇಳಲಿ. ಅನವಶ್ಯಕ ವಿವರಗಳನ್ನು ಕೇಳದೆ ಖರೀದಿಯ ಹೆಜ್ಜೆಗಳನ್ನು ಕಡಿಮೆ ಮಾಡಲಿ. ಇವೆಲ್ಲವೂ ಕೊಳ್ಳುವವಳ ಸಂದೇಹವನ್ನು ಪರಿಹರಿಸುತ್ತವೆ. ಸಂದೇಹವನ್ನು ಪರಿಹರಿಸುವುದು ಆಕರ್ಷಣೆ. ಸಂದೇಹಪಡಲು ಸಮಯವನ್ನೇ ಕೊಡದಿರುವುದು ವಂಚನೆ. 'ಎರಡೇ ಸೀರೆ ಉಳಿದಿವೆ' ಎಂಬ ಮಾತು ನಿಜವಾದರೆ ಉಪಕಾರ. ಉಗ್ರಾಣದಲ್ಲಿ ಐವತ್ತು ಇದ್ದರೆ ಸುಳ್ಳು.

ಇಲ್ಲಿ ಲೆಕ್ಕದ ಮಾತೂ ಏಳುತ್ತದೆ. ನೂರು ಜನ ನೋಡಿದಾಗ ಮೂವರು ಕೊಂಡರೆಂದೂ, ಸೀರೆಗೆ 300 ರೂಪಾಯಿ ಲಾಭವೆಂದೂ ಇಟ್ಟುಕೊಳ್ಳೋಣ. ದೊರೆಯುವುದು 900 ರೂಪಾಯಿ. ಸುಳ್ಳು ಅವಸರದಿಂದ ಐವರು ಕೊಂಡು, ಮೂವರು ಹಿಂದಿರುಗಿಸಿ, ಪ್ರತಿಯೊಂದಕ್ಕೂ ಹೋಗಿಬರುವ ಸಾಗಣೆಗೆ 200 ರೂಪಾಯಿ ತಗುಲಿದರೆ ಉಳಿದ ಎರಡರ 600 ರೂಪಾಯಿ ಲಾಭ ಅಲ್ಲಿಗೇ ಸರಿಹೋಗುತ್ತದೆ.

ಆದರೆ ಲೆಕ್ಕ ಯಾವಾಗಲೂ ಸತ್ಯದ ಪರವಾಗಿ ಬರುವುದಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಮೋಸಹೋದವರೆಲ್ಲ ಸರಕನ್ನು ಹಿಂದಿರುಗಿಸುವುದಿಲ್ಲ. ಕೆಲವರು ತಮ್ಮ ಅವಿವೇಕವೇ ಎಂದುಕೊಂಡು ಸುಮ್ಮನಾಗುತ್ತಾರೆ. ಕೆಲವರಿಗೆ ಹಿಂದಿರುಗಿಸುವ ದಾರಿಯೇ ತಿಳಿಯದು. ಅಂತಹವರಿಂದ ಬಂದ ಹಣವು ಖಾತೆಯಲ್ಲಿ ಶುದ್ಧ ಲಾಭವಾಗಿಯೇ ಕಾಣುತ್ತದೆ. ಪಕ್ಕದ ಅಂಗಡಿಯವನು ಹೀಗೆ ಬೆಳೆಯುತ್ತಿರುವಾಗ ಸತ್ಯವನ್ನು ಬರೆದವನ ಮಾರಾಟವು ತಿಂಗಳುಗಟ್ಟಲೆ ಕುಗ್ಗಲೂಬಹುದು. 'ಸತ್ಯವೇ ಲಾಭ' ಎಂಬ ಸುಲಭ ಸಮಾಧಾನವು ಆಗ ನೆರವಿಗೆ ಬಾರದು. ವ್ರತದ ನಿಜವಾದ ಪರೀಕ್ಷೆ ಅಲ್ಲಿಯೇ ಆರಂಭವಾಗುತ್ತದೆ. ಲಾಭ ಬರುವವರೆಗೆ ಮಾತ್ರ ಪಾಲಿಸುವ ಸತ್ಯವು ವ್ರತವಲ್ಲ, ವ್ಯಾಪಾರದ ಉಪಾಯ.

ಆದುದರಿಂದ ವ್ಯಾಪಾರಿಯು ತನ್ನ ಪುಟವನ್ನು ಪ್ರಕಟಿಸುವ ಮೊದಲು ಒಂದು ಪ್ರಶ್ನೆಯನ್ನು ಹಾಕಿಕೊಳ್ಳುವುದು ಉಚಿತ: ಈ ಸರಕಿನ ವಿಷಯವಾಗಿ ತನಗೆ ತಿಳಿದಿರುವುದೆಲ್ಲವೂ ಕೊಳ್ಳುವವಳಿಗೂ ತಿಳಿದಿದ್ದರೆ, ಆಕೆ ಇದೇ ಬೆಲೆಗೆ ಇದನ್ನು ಕೊಳ್ಳುತ್ತಿದ್ದಳೇ? ಹೌದೆಂದು ಮನಸ್ಸು ಹೇಳಿದರೆ ಎಷ್ಟು ಅಂದವಾಗಿ ಬೇಕಾದರೂ ಬರೆಯಬಹುದು. ಇಲ್ಲವೆಂದರೆ ತಿದ್ದಬೇಕಾದುದು ಪುಟದ ಬಣ್ಣವನ್ನಲ್ಲ, ಬೆಲೆಯನ್ನು ಅಥವಾ ಸರಕನ್ನು.